ಅಂಡಾಶಯದ ಮೇಲೆ ಹೊರಿಸಿದ ಅಪವಾದ

ಪಿಸಿಓಡಿ ಎಂಬ ಮಾತು ಈಗ ಹಾಸ್ಟೆಲ್ ಕೋಣೆಯಿಂದ ಹೆಣ್ಣು ನೋಡುವ ಶಾಸ್ತ್ರದವರೆಗೆ ಎಲ್ಲ ಕಡೆ ಓಡಾಡುತ್ತಿದೆ. ಅದರ ಬೆನ್ನಿಗೇ ಒಂದು ತಿಳಿವಳಿಕೆಯೂ ಮನೆಮನೆಗೆ ಬಂದು ಕೂತಿದೆ. ಹುಡುಗಿಯ ಅಂಡಾಶಯದಲ್ಲಿ ನೀರುಗುಳ್ಳೆಗಳಾಗಿವೆ, ಅದರಿಂದ ಗಂಡು ಹಾರ್ಮೋನು ಹೆಚ್ಚಾಗಿದೆ, ಅದಕ್ಕೇ ಮುಟ್ಟು ತಪ್ಪುತ್ತಿದೆ, ಗಲ್ಲದ ಮೇಲೆ ಕೂದಲು ಬರುತ್ತಿದೆ. ಮಾತ್ರೆ ತಗೊಂಡರೆ ತಿಂಗಳು ತಿಂಗಳು ಸರಿಯಾಗಿ ಆಗುತ್ತದೆ, ಮದುವೆಯಾಗಿ ಒಂದು ಮಗುವಾದರೆ ಎಲ್ಲವೂ ತಾನಾಗಿ ಸರಿಹೋಗುತ್ತದೆ. ಮನೆಯ ಹಿರಿಯರು ಹೇಳುವುದೂ ಇದೇ, ಪಕ್ಕದ ಮನೆಯವರು ಹೇಳುವುದೂ ಇದೇ, ಪುರುಸೊತ್ತಿಲ್ಲದ ಕ್ಲಿನಿಕ್ಕಿನಲ್ಲಿ ಎರಡು ನಿಮಿಷದಲ್ಲಿ ಕೇಳಿಬರುವುದೂ ಬಹುಮಟ್ಟಿಗೆ ಇದೇ.

ಈ ತಿಳಿವಳಿಕೆ ತಪ್ಪು, ಮತ್ತು ಅಪಾಯಕಾರಿ. ಪಿಸಿಓಡಿಯನ್ನು, ವೈದ್ಯರು ಈಚೆಗೆ ಹೆಚ್ಚಾಗಿ ಪಿಸಿಓಎಸ್ ಎನ್ನುವ ಈ ತೊಂದರೆಯನ್ನು, ಬರೀ ಅಂಡಾಶಯದ ಕಾಯಿಲೆ ಎಂದು ನೋಡುವವರೆಗೆ ನಾವು ತಪ್ಪು ಅಂಗವನ್ನು ದಿಟ್ಟಿಸುತ್ತಿರುತ್ತೇವೆ, ಅರ್ಧ ಅಂಕಿಯನ್ನು ಓದುತ್ತಿರುತ್ತೇವೆ, ಶುರುವಾಗಬೇಕಾದ ಹೊತ್ತಿಗೆ ಆರೈಕೆಯನ್ನು ನಿಲ್ಲಿಸುತ್ತಿರುತ್ತೇವೆ. ಈ ಹೆಣ್ಣುಮಕ್ಕಳಲ್ಲಿ ಬಹಳಷ್ಟು ಮಂದಿಗೆ ತೊಂದರೆಯ ಬೇರು ಇರುವುದು ಇನ್ಸುಲಿನ್ ಮತ್ತು ಲಿವರಿನ ನಡುವೆ. ಅದನ್ನು ಹೇಳುವ ಸಾಕ್ಷಿ ರಕ್ತದಲ್ಲೇ ಹರಿಯುತ್ತಿದೆ: ಲೈಂಗಿಕ ಹಾರ್ಮೋನುಗಳನ್ನು ಕಟ್ಟಿಹಿಡಿಯುವ ಒಂದು ಪ್ರೋಟೀನು. ಲ್ಯಾಬಿನವರು ಅದನ್ನು ಎಸ್‌ಎಚ್‌ಬಿಜಿ ಎನ್ನುತ್ತಾರೆ. ಆ ಸಾಕ್ಷಿಯನ್ನು ಕೇಳದೆ ನಾವು ತೀರ್ಪು ಕೊಡುತ್ತಿದ್ದೇವೆ.

ಅಪವಾದ ಅಂಡಾಶಯದ ಮೇಲೆ ಹೇಗೆ ಬಂತು ಎಂಬುದಕ್ಕೆ ಒಂದು ಇತಿಹಾಸವಿದೆ. 1935ರಲ್ಲಿ ಅಮೆರಿಕದ ಶಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ಇಬ್ಬರು ವೈದ್ಯರು 7 ಮಹಿಳೆಯರ ವಿವರಗಳನ್ನು ಪ್ರಕಟಿಸಿದರು. ಅವರಿಗೆ ಮುಟ್ಟು ನಿಂತಿತ್ತು, ಅಂಡಾಶಯಗಳು ದೊಡ್ಡದಾಗಿದ್ದವು, ಒಳಗೆ ಗುಳ್ಳೆಗಳಂಥವು ತುಂಬಿದ್ದವು. ವೈದ್ಯರು ಅಂಡಾಶಯದ ಒಂದು ಭಾಗವನ್ನು ಕತ್ತರಿಸಿ ತೆಗೆದರು. ಮುಟ್ಟು ಮರಳಿತು, ಇಬ್ಬರು ಗರ್ಭ ಧರಿಸಿದರು. ಕತ್ತರಿಸಿದಾಗ ಫಲ ಸಿಕ್ಕ ಜಾಗದಲ್ಲೇ ಕಾಯಿಲೆ ಇರಬೇಕು ಎಂಬ ಲೆಕ್ಕ ಅಲ್ಲಿಂದ ನಿಂತಿತು. ಅದಕ್ಕೂ 14 ವರ್ಷ ಮೊದಲು, 1921ರಲ್ಲಿ, ಪ್ಯಾರಿಸ್ಸಿನ ಅಶಾರ್ ಮತ್ತು ಟಿಯೆರ್ ಎಂಬ ವೈದ್ಯರು ಬೇರೆಯದನ್ನೇ ಗಮನಿಸಿದ್ದರು: ಮುಖದಲ್ಲಿ ಗಡ್ಡದಂತೆ ಕೂದಲು ಬೆಳೆಯುವುದೂ ರಕ್ತದಲ್ಲಿ ಸಕ್ಕರೆ ಏರುವುದೂ ಒಬ್ಬಳೇ ಹೆಂಗಸಿನಲ್ಲಿ ಜೊತೆಯಾಗಿ ಕಾಣಿಸಿಕೊಳ್ಳಬಹುದು ಎಂದು. ಅವರು ಕಂಡದ್ದು ಇಂದಿನ ಪಿಸಿಓಎಸ್ಸೇ ಎನ್ನಲಾಗದು. ಆದರೆ ಗಂಡು ಹಾರ್ಮೋನಿಗೂ ಸಕ್ಕರೆಗೂ ನಂಟಿದೆ ಎಂಬ ಸುಳಿವು ಆಗಲೇ ಸಿಕ್ಕಿತ್ತು. ವೈದ್ಯಲೋಕ ಹಿಡಿದದ್ದು ಚಾಕು ತೋರಿಸಿದ ದಾರಿಯನ್ನು. ಸಕ್ಕರೆಯ ದಾರಿಗೆ ಮತ್ತೆ ಗಂಭೀರವಾಗಿ ಹೊರಳಲು 1980ರವರೆಗೆ ಕಾಯಬೇಕಾಯಿತು. ಆ ವರ್ಷ ಅಮೆರಿಕದ ಸಂಶೋಧಕರು ಈ ಮಹಿಳೆಯರ ರಕ್ತದಲ್ಲಿ ಗಂಡು ಹಾರ್ಮೋನು ಮತ್ತು ಇನ್ಸುಲಿನ್ ಎರಡೂ ಜೊತೆಜೊತೆಗೆ ಏರಿರುವುದನ್ನು ತೋರಿಸಿದರು.

ಅಷ್ಟರಲ್ಲಿ ಸ್ಕ್ಯಾನಿಂಗ್ ಯಂತ್ರ ಬಂದಿತ್ತು. ಹೊಟ್ಟೆ ತೆರೆಯದೆ ಅಂಡಾಶಯವನ್ನು ನೋಡುವುದು ಸುಲಭವಾಯಿತು; ನೋಡಲು ಸುಲಭವಾದದ್ದೇ ರೋಗನಿರ್ಣಯದ ಅಳತೆಯಾಯಿತು. 2003ರಲ್ಲಿ ನೆದರ್‌ಲೆಂಡ್ಸಿನ ರಾಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು ಮೂರು ಲಕ್ಷಣಗಳಲ್ಲಿ ಎರಡಿದ್ದರೆ ಪಿಸಿಓಎಸ್ ಎಂದರು: ಅಂಡಾಣು ಸರಿಯಾಗಿ ಬಿಡುಗಡೆಯಾಗದಿರುವುದು, ಗಂಡು ಹಾರ್ಮೋನಿನ ಹೆಚ್ಚಳ, ಸ್ಕ್ಯಾನಿನಲ್ಲಿ ಕಾಣುವ ಅಂಡಾಶಯದ ರೂಪ. ಮೊದಲ ಎರಡನ್ನು ಮಾತ್ರ ಕೇಳುವ 1990ರ ಅಮೆರಿಕದ ಅಳತೆಗೂ ಇದಕ್ಕೂ ಎಷ್ಟು ಅಂತರ ಎಂಬುದನ್ನು ನಮ್ಮ ದೇಶದ್ದೇ ಅಧ್ಯಯನ ತೋರಿಸಿದೆ. 2024ರಲ್ಲಿ ಪ್ರಕಟವಾದ, ದೇಶದ ಹಲವು ಕಡೆಯ 18ರಿಂದ 40 ವಯಸ್ಸಿನ ಮಹಿಳೆಯರ ಸಮೀಕ್ಷೆಯಲ್ಲಿ, ಹಳೆಯ ಅಳತೆಯಂತೆ ಪಿಸಿಓಎಸ್ ಇದ್ದವರು ಶೇ 7.2, ರಾಟರ್‌ಡ್ಯಾಮ್ ಅಳತೆಯಂತೆ ಶೇ 19.6. ದೇಹಗಳು ಅವೇ, ವರ್ಷವೂ ಅದೇ. ಸ್ಕ್ಯಾನಿನ ಚಿತ್ರವನ್ನು ಲೆಕ್ಕಕ್ಕೆ ಸೇರಿಸಿದೊಡನೆ ಸಂಖ್ಯೆ ಎರಡೂವರೆ ಪಟ್ಟಿಗೂ ಮೇಲೇರಿತು.

ಆ ಚಿತ್ರದಲ್ಲಿ ಕಾಣುವುದಾದರೂ ಏನು? ಜನ ನೀರುಗುಳ್ಳೆ ಎನ್ನುವವು ಗುಳ್ಳೆಗಳೇ ಅಲ್ಲ. ಅವು ಫಾಲಿಕಲ್‌ಗಳು, ಅಂಡಾಣುವನ್ನು ಹೊತ್ತು ಬೆಳೆಯುವ ಪುಟ್ಟ ಚೀಲಗಳು, 2ರಿಂದ 9 ಮಿಲಿಮೀಟರ್ ಅಡ್ಡಳತೆಯವು. ಪ್ರತಿ ಹೆಣ್ಣಿನ ಅಂಡಾಶಯದಲ್ಲೂ ಅವು ಇರುತ್ತವೆ. ಇಲ್ಲಿ ಅವು ಅರ್ಧ ಬೆಳೆದು ನಿಂತು, ಸಂಖ್ಯೆಯಲ್ಲಿ ಹೆಚ್ಚಾಗಿ ಕಾಣುತ್ತವೆ, ಅಷ್ಟೆ. 2003ರಲ್ಲಿ ಒಂದು ಅಂಡಾಶಯದಲ್ಲಿ 12 ಇದ್ದರೆ ಹೆಚ್ಚು ಎನ್ನುತ್ತಿದ್ದರು. 2018ರ ಹೊತ್ತಿಗೆ ಅದನ್ನು 20ಕ್ಕೆ ಏರಿಸಬೇಕಾಯಿತು, ಏಕೆಂದರೆ ಹೊಸ ಯಂತ್ರಗಳು ಆರೋಗ್ಯವಂತರಲ್ಲೂ 12ಕ್ಕಿಂತ ಹೆಚ್ಚು ಎಣಿಸತೊಡಗಿದವು. ಯಂತ್ರ ಚುರುಕಾದಂತೆಲ್ಲ ಬದಲಾಗುವ ಗೆರೆಯ ಮೇಲೆ ಒಬ್ಬ ಹುಡುಗಿಯ ಹಣೆಬರಹ ಬರೆಯುವುದು ನ್ಯಾಯವಲ್ಲ. ಮೈನೆರೆದು 8 ವರ್ಷ ತುಂಬದವರಲ್ಲಿ ಸ್ಕ್ಯಾನಿನಿಂದ ಪಿಸಿಓಎಸ್ ನಿರ್ಣಯಿಸಬೇಡಿ ಎಂದು 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿತು. ಆ ವಯಸ್ಸಿನಲ್ಲಿ ಅಂಡಾಶಯ ಸಹಜವಾಗಿಯೇ ಹಾಗೆ ಕಾಣುತ್ತದೆ. ಆದರೂ ನಮ್ಮೂರುಗಳಲ್ಲಿ ಪಿಯುಸಿ ಹುಡುಗಿಯ ಸ್ಕ್ಯಾನಿಂಗ್ ರಿಪೋರ್ಟಿನ ಕೊನೆಗೆ 'ಪಿಸಿಓಡಿ ಪ್ಯಾಟರ್ನ್' ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗುತ್ತಲೇ ಇದೆ, ಆ ಹಾಳೆಯನ್ನು ತಾಯಿ ಬೀರುವಿನಲ್ಲಿ ಬಚ್ಚಿಡುತ್ತಲೇ ಇದ್ದಾಳೆ.

ಇನ್ನು ರಕ್ತದ ರಿಪೋರ್ಟು. ಇಬ್ಬರು ಯುವತಿಯರು ಒಂದೇ ಲ್ಯಾಬಿನಲ್ಲಿ ರಕ್ತ ಕೊಟ್ಟಿದ್ದಾರೆ ಎಂದುಕೊಳ್ಳೋಣ. ಇಬ್ಬರಿಗೂ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನು ಡೆಸಿಲೀಟರಿಗೆ 40 ನ್ಯಾನೋಗ್ರಾಂ, ಅಂದರೆ ಲೀಟರಿಗೆ ಸುಮಾರು 1.4 ನ್ಯಾನೋಮೋಲ್. ಪಕ್ಕದಲ್ಲಿ ನಾರ್ಮಲ್ ಎಂದೇ ಇದೆ. ಒಬ್ಬಳಿಗೆ ಏನೂ ತೊಂದರೆಯಿಲ್ಲ. ಇನ್ನೊಬ್ಬಳಿಗೆ ಗಲ್ಲದಲ್ಲಿ ಕೂದಲು, ನೆತ್ತಿಯಲ್ಲಿ ಕೂದಲುದುರು, ಬೆನ್ನ ಮೇಲೂ ಮೊಡವೆ. "ಹಾರ್ಮೋನೆಲ್ಲ ನಾರ್ಮಲ್ ಇದೆಯಮ್ಮ, ಸುಮ್ಮನೆ ತಲೆ ಕೆಡಿಸಿಕೋಬೇಡ" ಎಂದು ಅವಳನ್ನು ಕಳಿಸಿಬಿಡುತ್ತಾರೆ. ಈಗ ಇಬ್ಬರ ಎಸ್‌ಎಚ್‌ಬಿಜಿಯನ್ನೂ ನೋಡಿ. ಮೊದಲನೆಯವಳಿಗೆ ಲೀಟರಿಗೆ 70 ನ್ಯಾನೋಮೋಲ್, ಎರಡನೆಯವಳಿಗೆ 20. ಟೆಸ್ಟೋಸ್ಟೆರಾನನ್ನು ನೂರರಿಂದ ಗುಣಿಸಿ ಎಸ್‌ಎಚ್‌ಬಿಜಿಯಿಂದ ಭಾಗಿಸಿದರೆ ಮುಕ್ತ ಆಂಡ್ರೋಜನ್ (ಗಂಡು ಹಾರ್ಮೋನು) ಸೂಚ್ಯಂಕ ಸಿಗುತ್ತದೆ. ಮೊದಲನೆಯವಳದು 2. ಎರಡನೆಯವಳದು 7. ಹೆಂಗಸರಲ್ಲಿ ಸುಮಾರು 5 ದಾಟಿದರೆ ಹೆಚ್ಚು ಎನ್ನುತ್ತಾರೆ. ನಾರ್ಮಲ್ ಎಂದು ಮನೆಗೆ ಕಳಿಸಿದವಳ ಸೂಚ್ಯಂಕ ಮೊದಲನೆಯವಳದರ ಮೂರೂವರೆ ಪಟ್ಟು.

ಕಾರಣ ಸರಳ. ಹೆಣ್ಣಿನ ರಕ್ತದಲ್ಲಿರುವ ಟೆಸ್ಟೋಸ್ಟೆರಾನಿನಲ್ಲಿ ಸುಮಾರು ಮೂರನೇ ಎರಡು ಪಾಲನ್ನು ಎಸ್‌ಎಚ್‌ಬಿಜಿ ಬಿಗಿಯಾಗಿ ಹಿಡಿದಿರುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಆಲ್ಬುಮಿನ್ ಎಂಬ ಪ್ರೋಟೀನಿಗೆ ಸಡಿಲವಾಗಿ ಅಂಟಿರುತ್ತದೆ. ಪೂರ್ತಿ ಬಿಡುವಾಗಿ ಓಡಾಡುವುದು ನೂರರಲ್ಲಿ ಒಂದೆರಡು ಪಾಲು ಮಾತ್ರ. ಕೂದಲ ಬುಡಕ್ಕೂ ಚರ್ಮದ ಎಣ್ಣೆಗ್ರಂಥಿಗೂ ನುಗ್ಗಿ ಕೆಲಸ ಮಾಡುವುದು ಮುಖ್ಯವಾಗಿ ಹೀಗೆ ಬಿಡುವಾಗಿರುವ ಹಾರ್ಮೋನು. ಕೊಟ್ಟಿಗೆಯಲ್ಲಿ ಎಷ್ಟು ದನಗಳಿವೆ ಎಂದು ಎಣಿಸಿ ಪ್ರಯೋಜನವಿಲ್ಲ. ಹೊಲ ಮೇಯುವುದು ಕಣ್ಣಿ ಕಳಚಿಕೊಂಡ ದನ. ಒಟ್ಟು ಟೆಸ್ಟೋಸ್ಟೆರಾನ್ ಮಾತ್ರ ಅಳೆಯುವ ರಿಪೋರ್ಟು ಕೊಟ್ಟಿಗೆಯ ಲೆಕ್ಕ ಕೊಡುತ್ತದೆ, ಹೊಲದ ಸ್ಥಿತಿ ಹೇಳುವುದಿಲ್ಲ. ಇದರ ಮೇಲೆ ಇನ್ನೊಂದು ಕೊರತೆಯಿದೆ: ನಮ್ಮ ಬಹುತೇಕ ಲ್ಯಾಬುಗಳಲ್ಲಿ ಬಳಸುವ ಇಮ್ಯುನೋ ಪರೀಕ್ಷೆಗಳು ಗಂಡಸರ ಮಟ್ಟದ ಟೆಸ್ಟೋಸ್ಟೆರಾನನ್ನು ಅಳೆಯಲು ಸಾಕು, ಹೆಂಗಸರಲ್ಲಿರುವ ಅತ್ಯಲ್ಪ ಪ್ರಮಾಣಕ್ಕೆ ಬಂದಾಗ ತಡವರಿಸುತ್ತವೆ. ಅಮೆರಿಕದ ಎಂಡೋಕ್ರೈನ್ ಸೊಸೈಟಿ 2007ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು.

ಹಾಗಿದ್ದರೆ ಎರಡನೆಯವಳ ಎಸ್‌ಎಚ್‌ಬಿಜಿ ಇಳಿದದ್ದೇಕೆ? ಅಂಡಾಶಯವೇ ಕಾಯಿಲೆಯ ಮೂಲ ಎನ್ನುವವರು ಉತ್ತರಿಸಬೇಕಾದ ಪ್ರಶ್ನೆ ಇದು. ಎಸ್‌ಎಚ್‌ಬಿಜಿ ಅಂಡಾಶಯದಲ್ಲಿ ತಯಾರಾಗಿ ರಕ್ತಕ್ಕೆ ಬರುವುದಲ್ಲ. ಅದನ್ನು ತಯಾರಿಸಿ ರಕ್ತಕ್ಕೆ ಬಿಡುವುದು ಲಿವರ್. 1991ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಜಾನ್ ನೆಸ್ಲರ್ ಮತ್ತು ಸಂಗಡಿಗರು ನಡೆಸಿದ ಪುಟ್ಟ ಪ್ರಯೋಗವೊಂದು ಈ ವಾದದ ನಡುವೆ ಗೆರೆ ಎಳೆದಂತೆ ನಿಲ್ಲುತ್ತದೆ. ಪಿಸಿಓಎಸ್ ಇದ್ದ ಸ್ಥೂಲಕಾಯದ ಮಹಿಳೆಯರಿಗೆ ಮೊದಲು ಅಂಡಾಶಯದ ಹಾರ್ಮೋನು ತಯಾರಿಕೆಯನ್ನು ಅಡಗಿಸುವ ಔಷಧಿ ಕೊಟ್ಟರು. ಎರಡು ತಿಂಗಳು ಅಂಡಾಶಯ ಸುಮ್ಮನಾಯಿತು; ಎಸ್‌ಎಚ್‌ಬಿಜಿ ಮಾತ್ರ ಕದಲಲಿಲ್ಲ. ಆ ಮೇಲೆ, ಅಂಡಾಶಯ ಸುಮ್ಮನಿರುವಾಗಲೇ, ಇನ್ಸುಲಿನ್ ಸ್ರಾವವನ್ನು ತಗ್ಗಿಸುವ ಡಯಜಾಕ್ಸೈಡ್ ಎಂಬ ಔಷಧಿಯನ್ನು ಹತ್ತು ದಿನ ಕೊಟ್ಟರು. ಎಸ್‌ಎಚ್‌ಬಿಜಿ ಏರಿತು. ಅಂಡಾಶಯದ ಬಾಯಿ ಮುಚ್ಚಿಸಿದಾಗ ಬದಲಾಗದ್ದು ಇನ್ಸುಲಿನ್ ಇಳಿಸಿದಾಗ ಬದಲಾಯಿತು. ಬೇರು ಎಲ್ಲಿದೆ ಎಂದು ಹುಡುಕುವವರಿಗೆ ಇದಕ್ಕಿಂತ ನೇರವಾದ ಕೈಮರ ಬೇಕಿಲ್ಲ.

ಇದಕ್ಕೆ ಮೂರು ವರ್ಷ ಮೊದಲೇ, 1988ರಲ್ಲಿ, ಪ್ರಯೋಗಾಲಯದಲ್ಲಿ ಬೆಳೆಸಿದ ಲಿವರ್ ಕೋಶಗಳ ಮೇಲೆ ಇನ್ಸುಲಿನ್ ಹಾಕಿದರೆ ಅವು ಎಸ್‌ಎಚ್‌ಬಿಜಿ ತಯಾರಿಸುವುದು ಕಡಿಮೆಯಾಗುತ್ತದೆ ಎಂದು ಕಂಡುಬಂದಿತ್ತು. 2007ರಲ್ಲಿ ಕೆನಡಾದ ಸಂಶೋಧಕರು ಇನ್ನೊಂದು ಪದರ ಬಿಡಿಸಿದರು: ಗ್ಲೂಕೋಸ್, ಫ್ರಕ್ಟೋಸ್‌ನಂಥ ಸಕ್ಕರೆಗಳು ಹೆಚ್ಚಾದಾಗ ಲಿವರ್ ಅವನ್ನು ಕೊಬ್ಬಾಗಿ ಮಾರ್ಪಡಿಸುತ್ತದೆ, ಹಾಗೆ ಕೊಬ್ಬು ತಯಾರಿಸುತ್ತಿರುವ ಲಿವರ್ ಎಸ್‌ಎಚ್‌ಬಿಜಿಯ ಜೀನನ್ನು ತಗ್ಗಿಸುತ್ತದೆ. ಹೊಟ್ಟೆಯ ಸ್ಕ್ಯಾನಿನಲ್ಲಿ 'ಫ್ಯಾಟಿ ಲಿವರ್, ಗ್ರೇಡ್ ಒನ್' ಎಂದು ಬರೆದದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದೇ ಹಾಳೆಯ ಕೆಳಸಾಲಿನಲ್ಲಿ ಅಂಡಾಶಯದ ಬಗ್ಗೆ ಬರೆದದ್ದನ್ನು ಓದಿ ಇಡೀ ಮನೆ ಕಂಗಾಲಾಗುತ್ತದೆ. ಮುಖ್ಯವಾದ ಸಾಲು ಮೇಲಿನದೇ ಇರಬಹುದು.

ಅಂಡಾಶಯಕ್ಕೆ ಇದರಲ್ಲಿ ಪಾತ್ರವೇ ಇಲ್ಲ ಎನ್ನುತ್ತಿಲ್ಲ. ಟೆಸ್ಟೋಸ್ಟೆರಾನನ್ನು ಹೆಚ್ಚಾಗಿ ತಯಾರಿಸುವುದು ಅದೇ. ಮೆದುಳಿನ ತಳದ ಪಿಟ್ಯೂಟರಿ ಗ್ರಂಥಿಯಿಂದ ಬರುವ ಎಲ್‌ಎಚ್ ಹಾರ್ಮೋನು ಅದನ್ನು ಪ್ರಚೋದಿಸುತ್ತದೆ, ವಂಶದಿಂದ ಬಂದ ಗುಣಗಳೂ ಸೇರುತ್ತವೆ. ತೂಕವೂ ಇನ್ಸುಲಿನ್ನೂ ಸರಿಯಾಗಿದ್ದು ಈ ತೊಂದರೆ ಇರುವವರೂ ಇದ್ದಾರೆ. ಆದರೆ ರಕ್ತದಲ್ಲಿ ಇನ್ಸುಲಿನ್ ಏರಿದಾಗ ಅದು ಎರಡು ಕಡೆಯಿಂದ ಕೆಲಸ ಮಾಡುತ್ತದೆ. ಅತ್ತ ಅಂಡಾಶಯದಿಂದ ಟೆಸ್ಟೋಸ್ಟೆರಾನನ್ನು ಹೆಚ್ಚು ಮಾಡಿಸುತ್ತದೆ, ಇತ್ತ ಲಿವರಿನಲ್ಲಿ ಅದನ್ನು ಕಟ್ಟಿಹಿಡಿಯುವ ಪ್ರೋಟೀನನ್ನು ಕಡಿಮೆ ಮಾಡಿಸುತ್ತದೆ. ಹೆಚ್ಚಿದ ಟೆಸ್ಟೋಸ್ಟೆರಾನ್ ತಾನೂ ಎಸ್‌ಎಚ್‌ಬಿಜಿಯನ್ನು ಇನ್ನಷ್ಟು ಇಳಿಸುತ್ತದೆ. ಈ ಸುಳಿಯಲ್ಲಿ ಅಂಡಾಶಯ ಸಿಕ್ಕಿಬಿದ್ದಿದೆ. ಸುಳಿ ಎಬ್ಬಿಸಿದ ಶಕ್ತಿಯನ್ನು ಬಿಟ್ಟು ಸಿಕ್ಕಿಬಿದ್ದುದನ್ನೇ ದೂಷಿಸುವುದಕ್ಕೆ ನನ್ನ ಆಕ್ಷೇಪ.

"ಮಾತ್ರೆಯಿಂದ ಗುಣವಾಗುತ್ತದಲ್ಲ, ಮತ್ತೇನು ಬೇಕು?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಗರ್ಭನಿರೋಧಕ ಮಾತ್ರೆಯಿಂದ ಮೊಡವೆ, ಮುಖದ ಕೂದಲು ಕಡಿಮೆಯಾಗುವುದು ನಿಜ. ಹೇಗೆ ಎಂದು ನೋಡಿದರೆ ಅದೂ ಈ ವಾದಕ್ಕೇ ಸಾಕ್ಷಿ ಹೇಳುತ್ತದೆ. ಬಾಯಿಂದ ನುಂಗಿದ ಈಸ್ಟ್ರೋಜನ್ ನೇರ ಲಿವರಿಗೆ ಹೋಗಿ ಎಸ್‌ಎಚ್‌ಬಿಜಿ ತಯಾರಿಕೆಯನ್ನು ಎರಡು ಮೂರು ಪಟ್ಟು ಏರಿಸಬಲ್ಲದು. ಬಿಡುವಾಗಿದ್ದ ಟೆಸ್ಟೋಸ್ಟೆರಾನನ್ನು ಅದು ಕಟ್ಟಿಹಿಡಿಯುತ್ತದೆ. ಜೊತೆಗೆ ಅಂಡಾಶಯದ ತಯಾರಿಕೆಯೂ ತಗ್ಗುತ್ತದೆ. ಮಾತ್ರೆ ಉಪಯುಕ್ತ. ತಿಂಗಳುಗಟ್ಟಲೆ ಮುಟ್ಟಾಗದವರ ಗರ್ಭಕೋಶದ ಒಳಪದರ ದಪ್ಪವಾಗಿ ಮುಂದೆ ಕ್ಯಾನ್ಸರಿಗೆ ದಾರಿಯಾಗದಂತೆ ಅದು ಕಾಯುತ್ತದೆ. ವೈದ್ಯರು ಕೊಟ್ಟ ಮಾತ್ರೆಯನ್ನು ಈ ಲೇಖನ ಓದಿ ಯಾರೂ ಬಿಡಬಾರದು. ಆದರೆ ಮಾತ್ರೆಯಿಂದ ಏರಿದ ಎಸ್‌ಎಚ್‌ಬಿಜಿ, ಇನ್ಸುಲಿನ್ ಇಳಿದದ್ದರಿಂದ ಏರಿದ ಎಸ್‌ಎಚ್‌ಬಿಜಿ ಆಗಲಾರದು. ಕನ್ನಡಿಯಲ್ಲಿ ಮುಖ ತಿಳಿಯಾಗಿದೆ, ಕ್ಯಾಲೆಂಡರಿನಲ್ಲಿ ತಾರೀಖು ಸರಿಯಾಗಿದೆ. ಒಳಗೆ ಸಕ್ಕರೆಯ ದಾರಿ ಮೊದಲಿನಂತೆಯೇ ಇದೆ. ಮನೆಯವರು ಗುಣವಾಯಿತು ಎಂದುಕೊಳ್ಳುತ್ತಾರೆ. ಮಾತ್ರೆ ನಡೆಯುತ್ತಿರುವಾಗ ಹಾರ್ಮೋನು ಪರೀಕ್ಷೆ ಮಾಡಿಸಿ ಎಲ್ಲ ಚೆನ್ನಾಗಿದೆ ಎಂದು ನಂಬುವುದು ಇನ್ನೂ ದೊಡ್ಡ ತಪ್ಪು.

ಹೀಗೆ ಮರೆಯಾಗುವ ಸಂಗತಿ ಸಣ್ಣದಲ್ಲ. ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ಮಹಿಳೆಯರನ್ನು 12 ವರ್ಷ ಹಿಂಬಾಲಿಸಿದ ಅಧ್ಯಯನ 1991ರಲ್ಲಿ ಹೇಳಿದ್ದೇನೆಂದರೆ, ಎಸ್‌ಎಚ್‌ಬಿಜಿ ಕಡಿಮೆಯಿದ್ದವರಿಗೆ ಮುಂದೆ ಮಧುಮೇಹ ಬರುವ ಸಂಭವ ಹೆಚ್ಚು. 2009ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನ ಇದನ್ನು ಇನ್ನಷ್ಟು ಗಟ್ಟಿ ಮಾಡಿತು. ಎಸ್‌ಎಚ್‌ಬಿಜಿಯನ್ನು ಏರಿಸುವ ಅಥವಾ ಇಳಿಸುವ ಜೀನ್ ರೂಪಗಳನ್ನು ಹೊತ್ತು ಹುಟ್ಟಿದವರಲ್ಲೂ ಮಧುಮೇಹದ ಸಂಭವ ಅದಕ್ಕೆ ತಕ್ಕಂತೆ ಕ್ರಮವಾಗಿ ಇಳಿಯುವುದು ಅಥವಾ ಏರುವುದು ಕಂಡಿತು. 10 ಕೋಟಿ ದಾಟಿದ ಮಧುಮೇಹಿಗಳಿರುವ ದೇಶ ನಮ್ಮದು. ಇಪ್ಪತ್ತರ ಹರೆಯದಲ್ಲೇ ಸೂಚನೆ ಕೊಡುವ ದೇಹವನ್ನು ನಾವು ಮುಟ್ಟಿನ ದಿನಾಂಕ ಸರಿಮಾಡಿ ಕಳಿಸಿಬಿಡುತ್ತಿದ್ದೇವೆ.

"ತೂಕ ಇಳಿಸು, ಬಾಯಿ ಕಟ್ಟು" ಎಂದು ಇಲ್ಲಿ ಕೆಲವರು ಹುಡುಗಿಯ ಮೇಲೆ ಹರಿಹಾಯುತ್ತಾರೆ. ಅಂಡಾಶಯವನ್ನು ಬಿಟ್ಟು ಅವಳ ನಾಲಿಗೆಯನ್ನು ಕಟಕಟೆಗೆ ಹತ್ತಿಸುವುದೂ ಅನ್ಯಾಯವೇ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ದೇಹಗಳ ಲೆಕ್ಕ ಪ್ರಕಟಿಸಿದರು. ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಒಂದೇ, 22.3. ದೇಹದ ಕೊಬ್ಬು ಮಾತ್ರ ಯುಡ್ಕಿನ್ ಅವರಿಗೆ ಶೇ 9.1, ಯಾಜ್ಞಿಕ್ ಅವರಿಗೆ ಶೇ 21.2. ತೆಳ್ಳಗೆ ಕಾಣುವ ಭಾರತೀಯ ದೇಹದೊಳಗೂ ಇನ್ಸುಲಿನ್ನಿನ ತೊಂದರೆ ಅಡಗಿರಬಹುದು. ಹಾಗಾಗಿ "ಸಣ್ಣಗಿದ್ದಾಳೆ, ಅವಳಿಗೇನು ಶುಗರ್ ಬರುತ್ತೆ" ಎಂಬ ಮಾತಿಗೂ ಬೆಲೆಯಿಲ್ಲ, ದಪ್ಪಗಿದ್ದವಳನ್ನು ಮಾತ್ರ ಬೈಯುವುದಕ್ಕೂ ಅರ್ಥವಿಲ್ಲ. ಅವಳ ತಟ್ಟೆಯಲ್ಲಿರುವುದು ಮನೆಯವರ ತಟ್ಟೆಯಲ್ಲಿರುವುದೇ: ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಮತ್ತೆ ಅನ್ನ, ಬೇಳೆ ಕಾಳು ತಳದಲ್ಲಿ ಒಂದಿಷ್ಟು. ಐಸಿಎಂಆರ್ ಸಮೀಕ್ಷೆಯ ಪ್ರಕಾರ ನಮ್ಮ ಶಕ್ತಿಯ ಶೇ 62ರಷ್ಟು ಬರುವುದೇ ಪಿಷ್ಟ ಮತ್ತು ಸಕ್ಕರೆಯಿಂದ. ಬದಲಾಗಬೇಕಾದದ್ದು ಇಡೀ ಮನೆಯ ಅಡುಗೆ. ತೂಕ ಹೆಚ್ಚಿರುವವರಲ್ಲಿ ನೂರಕ್ಕೆ 5ರಿಂದ 10 ಭಾಗ ಇಳಿದರೂ ಇನ್ಸುಲಿನ್ ಇಳಿದು, ಎಸ್‌ಎಚ್‌ಬಿಜಿ ಏರಿ, ಎಷ್ಟೋ ಮಂದಿಗೆ ಮುಟ್ಟು ತಾನಾಗಿ ಮರಳುತ್ತದೆ.

ಕಣ್ಣೆದುರಿಗಿರುವ ಗುರುತನ್ನೂ ನಾವು ಹೇಗೆ ಕಾಣದೆ ಹೋಗುತ್ತೇವೆ ಎಂಬುದಕ್ಕೆ ಹುಡುಗಿಯ ಕತ್ತಿನ ಹಿಂಭಾಗ ನೋಡಿದರೆ ಸಾಕು. ಅಲ್ಲಿ ಮತ್ತು ಕಂಕುಳಲ್ಲಿ ಚರ್ಮ ಕಪ್ಪಗೆ, ದಪ್ಪಗೆ ಮಡಿಕೆ ಬಿದ್ದಿರುತ್ತದೆ. ತಾಯಿ ಅದನ್ನು ಕೊಳೆ ಎಂದುಕೊಂಡು ಕಡಲೆಹಿಟ್ಟು, ನಿಂಬೆಹಣ್ಣು ಹಾಕಿ ಚರ್ಮ ಕೆಂಪಾಗುವವರೆಗೆ ಉಜ್ಜುತ್ತಾಳೆ. "ನೆಟ್ಟಗೆ ಸ್ನಾನ ಮಾಡೋಕ್ಕೂ ಬರಲ್ವಾ" ಎಂಬ ಗದರಿಕೆ ಬೇರೆ. ಅದು ಬಹಳ ಸಲ ರಕ್ತದಲ್ಲಿ ಇನ್ಸುಲಿನ್ ಏರಿರುವುದರ ಗುರುತು. ಒಂದು ರೂಪಾಯಿ ಖರ್ಚಿಲ್ಲದೆ, ಯಾವ ಯಂತ್ರವೂ ಇಲ್ಲದೆ, ಜಡೆ ಎತ್ತಿ ನೋಡಿದರೆ ಕಾಣುವ ಗುರುತನ್ನು ಬಿಟ್ಟು ನಾವು ಅಂಡಾಶಯದ ಚಿತ್ರಕ್ಕೆ ದುಡ್ಡು ಸುರಿಯುತ್ತಿದ್ದೇವೆ.

ಎಲ್ಲ ಹುಡುಗಿಯರಿಗೂ ಎಸ್‌ಎಚ್‌ಬಿಜಿ ಪರೀಕ್ಷೆ ಮಾಡಿಸಿ ಎನ್ನುವುದು ಇದರ ತಾತ್ಪರ್ಯವಲ್ಲ. ಪ್ಯಾಕೇಜಿನ ಹೆಸರಿನಲ್ಲಿ ಹತ್ತಾರು ಹಾರ್ಮೋನು ಅಳೆದು ಹೆದರಿಸುವ ವ್ಯಾಪಾರಕ್ಕೆ ಇನ್ನೊಂದು ಸಾಲು ಸೇರಿಸುವುದು ನನ್ನ ಉದ್ದೇಶವಲ್ಲ. ಥೈರಾಯ್ಡ್ ಹೆಚ್ಚಾದರೆ ಎಸ್‌ಎಚ್‌ಬಿಜಿ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ಬಸುರಿಯಲ್ಲಿ ಹಲವು ಪಟ್ಟು ಏರುತ್ತದೆ. ವಯಸ್ಸಾದ ಮಹಿಳೆಯರಲ್ಲಿ ಅದು ತೀರಾ ಹೆಚ್ಚಿರುವುದು ಮೂಳೆಯ ದುರ್ಬಲತೆಯ ಜೊತೆ ಕಾಣಿಸಿಕೊಂಡಿದೆ. ಆದ್ದರಿಂದ ಇದು ಏರಿದಷ್ಟೂ ಒಳ್ಳೆಯದೆನ್ನುವ ಅಂಕಿಯಲ್ಲ, ತಿಳಿದವರು ಉಳಿದ ವಿವರಗಳ ಜೊತೆಗಿಟ್ಟು ಓದಬೇಕಾದ ಅಂಕಿ. ಟೆಸ್ಟೋಸ್ಟೆರಾನ್ ಅಳೆಯುವುದೇ ಆದರೆ ಅದರ ಜೊತೆ ಎಸ್‌ಎಚ್‌ಬಿಜಿಯನ್ನೂ ಅಳೆಯಬೇಕು. ಒಂಟಿ ಅಂಕಿಯ ಮೇಲೆ 'ನಾರ್ಮಲ್' ಎಂಬ ಮುದ್ರೆ ಒತ್ತಬಾರದು. ನಾನು ಕೇಳುತ್ತಿರುವುದು ಇಷ್ಟೇ.

ಮಗುವಾದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತನ್ನು ಕೊನೆಗೆ ಉಳಿಸಿಕೊಂಡಿದ್ದೇನೆ, ಏಕೆಂದರೆ ಅತಿ ಹೆಚ್ಚು ಹಾನಿ ಮಾಡುವುದು ಅದೇ. ಪಿಸಿಓಎಸ್ ಇರುವವರಿಗೆ ಬಸುರಿನಲ್ಲೇ ಸಕ್ಕರೆ ಏರುವ ಸಂಭವ ಹೆಚ್ಚು. ಬಸುರಿನಲ್ಲಿ ಸಕ್ಕರೆ ಏರಿದವರಿಗೆ ಮುಂದೆ ಮಧುಮೇಹದ ಸಂಭವವೂ ಹೆಚ್ಚು. ತೊಟ್ಟಿಲು ತೂಗಿದ ದಿನ ಕಾಯಿಲೆ ಮುಗಿಯಿತು ಎಂದು ಫೈಲು ಮುಚ್ಚುತ್ತೇವೆ, ಅಪಾಯದ ದಾರಿ ಮುಂದುವರಿಯುತ್ತಲೇ ಇರುತ್ತದೆ. ಮುಟ್ಟು ನಿಂತ ಮೇಲಂತೂ ಅಂಡಾಣುವಿನ ಕಥೆ ಮುಗಿದಂತೆಯೇ. ಲಿವರಿನ ಕಥೆ ಮುಗಿಯುವುದಿಲ್ಲ. ಐವತ್ತರಲ್ಲಿ ಶುಗರ್, ಬಿಪಿ ಎಂದು ಬಂದವಳ ಹತ್ತಿರ "ಚಿಕ್ಕಂದಿನಲ್ಲಿ ಮುಟ್ಟು ಸರಿಯಿತ್ತಾ?" ಎಂದು ಯಾರೂ ಕೇಳುವುದಿಲ್ಲ. ಮೂವತ್ತು ವರ್ಷದ ಹಿಂದಿನ ಎಚ್ಚರಿಕೆಗೂ ಇಂದಿನ ರೋಗಕ್ಕೂ ನಡುವೆ ಇರುವ ಎಳೆ ಅಲ್ಲಿಗೆ ಕಡಿದುಹೋಗುತ್ತದೆ.

ಆಗಬೇಕಾದದ್ದು ಅಸಾಧ್ಯವೇನಲ್ಲ. ಪಿಸಿಓಎಸ್ ಎಂದು ತೀರ್ಮಾನಿಸಿದ ದಿನವೇ, ತೆಳ್ಳಗಿರಲಿ ದಪ್ಪಗಿರಲಿ, 75 ಗ್ರಾಂ ಗ್ಲೂಕೋಸ್ ಕುಡಿಸಿ ಸಕ್ಕರೆ ಅಳೆಯಬೇಕು. ಆಮೇಲೆ ಒಂದರಿಂದ ಮೂರು ವರ್ಷಕ್ಕೊಮ್ಮೆ ಸಕ್ಕರೆ ನೋಡುತ್ತಿರಬೇಕು. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುವುದು ಇದನ್ನೇ. ರಕ್ತದೊತ್ತಡ, ಕೊಲೆಸ್ಟರಾಲ್, ಸೊಂಟದ ಸುತ್ತಳತೆ, ಮನೆಯಲ್ಲಿ ಯಾರಿಗೆ ಶುಗರ್ ಇದೆ ಎಂಬ ವಿವರ, ಅವಳ ಮನಸ್ಸಿನ ಸ್ಥಿತಿ, ಇವೆಲ್ಲ ಮೊದಲ ಭೇಟಿಯಲ್ಲೇ ಬರೆದಿಡಬೇಕು. ಹದಿಹರೆಯದವರ ಅಂಡಾಶಯದ ಸ್ಕ್ಯಾನನ್ನು ಪಿಸಿಓಎಸ್ ನಿರ್ಣಯಕ್ಕೆ ಬಳಸುವುದು ನಿಲ್ಲಬೇಕು. ಮುಟ್ಟಿನ ಮಾತ್ರೆ ಬರೆಯುವ ಕೈಯೇ ಸಕ್ಕರೆಯ ಪರೀಕ್ಷೆಯನ್ನೂ ಬರೆಯಬೇಕು. ಇದನ್ನು ಕೇಳುವ ಹಕ್ಕು ಪ್ರತಿ ಹುಡುಗಿಗೂ ಇದೆ, ಕೇಳಿಸುವ ಹೊಣೆ ಅವಳ ಅಪ್ಪ ಅಮ್ಮನದು. ಮದುವೆ ಯಾವಾಗ, ಮಗು ಯಾವಾಗ ಎಂಬ ಲೆಕ್ಕದಲ್ಲಿ ಅವಳ ಕಾಯಿಲೆಯನ್ನು ಅಳೆಯುವುದನ್ನು ಇನ್ನಾದರೂ ಬಿಡೋಣ. ಮದುವೆ ಆಗಲಿ ಬಿಡಲಿ, ತಾಯಿಯಾಗಲಿ ಆಗದಿರಲಿ, ಅವಳ ಲಿವರ್, ಅವಳ ಹೃದಯ, ಅವಳ ಮುಂದಿನ ಐವತ್ತು ವರ್ಷಗಳು ಆರೈಕೆಗೆ ಅರ್ಹ.